ಮುಚ್ಚಲಾರದ ಬಲಗಣ್ಣು

ಊರಿನ ಫಜೀತಿಗಳಿಗೆಲ್ಲ ನನ್ನ ಮಾರಿಯ ವಿಳಾಸ ಬಾಯಿಪಾಠ. ಎಲ್ಲಿಂದ ಹೊರಟರೂ ನೆಟ್ಟಗೆ ಇಲ್ಲಿಗೇ ಬರುತ್ತವೆ.

ಹುಟ್ಟಿದಾಗಿನಿಂದ ನನ್ನ ಬಲಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು. ಮೊನ್ನೆ ಬೇಸಿಗೆಯಲ್ಲಿ ಅಪ್ಪ ಹುಬ್ಬಳ್ಳಿಗೆ ಕರಕೊಂಡು ಹೋಗಿ ಆಪರೇಷನ್ ಮಾಡಿಸಿದ. ಡಾಕ್ಟರು ರೆಪ್ಪೆ ಎತ್ತಿದರು. ತುಸು ಹೆಚ್ಚೇ ಎತ್ತಿದರು. ಕಣ್ಣು ಪೂರಾ ತೆರೆಯಿತು, ಆದರೆ ಮುಚ್ಚುವುದನ್ನು ಮರೆಯಿತು. ಮಲಗಿದರೂ ತೆರೆದೇ ಇರುತ್ತಿತ್ತು.

"ದಿನಾ ಹನಿ ಔಷಧ ಹಾಕ್ರಿ, ಬೆರಳಿಲೆ ರೆಪ್ಪಿ ಮೆಲ್ಲಕ ಕೆಳಗ ತಿಕ್ಕರಿ. ಮೂರು ತಿಂಗಳದಾಗ ತಾನ ಇಳದ್ರ ಚಲೋ ಆತು. ಇಲ್ಲಾಂದ್ರ ಮತ್ತ ಕೊಯ್ಯಬೇಕಾಗ್ತೈತಿ," ಅಂದರು ಡಾಕ್ಟರು.

"ಮತ್ತ" ಅಂದ ಕೂಡಲೇ ನಾನು ಅಪ್ಪನ ಬೆನ್ನ ಹಿಂದೆ ಸರಿದೆ.

೧. ನನ್ನನ್ನು ನೋಡಲು ಬಂದವರು

ಪಟ್ಟಿ ಬಿಚ್ಚಿದ ದಿನ ಅರ್ಧ ಓಣಿ ನಮ್ಮ ಕಟ್ಟೆಗೆ ಬಂತು. ಪಂಚಾಯ್ತಿಗೆ ಹೊಸದಾಗಿ ಬಂದಿದ್ದ ಟಿವಿ ಮುಂದೂ ಅಷ್ಟು ಮಂದಿ ಕೂತಿರಲಿಲ್ಲ. ಬಾಜೂಮನಿ ಕಾಕಾ ಬಗ್ಗಿ ನೋಡಿ, "ಏನ್ ಕಂಡು ಗಾಬ್ರಿ ಆದ್ಯೋ?" ಅಂದ.

"ನಿನ್ನ ಮಾರಿ, ಕಾಕಾ."

ಅವ್ವ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಅಜ್ಜಿ ನನ್ನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿ ತೀರ್ಪು ಕೊಟ್ಟಳು: "ಅಳಬ್ಯಾಡ ಬಿಡ. ಮೊದಲ ಇವಗ ಅರ್ಧಾ ಕಾಣ್ತಿತ್ತು, ಈಗ ಒಂದೂವರಿ ಕಾಣತೈತಿ. ನಾಳಿಂದ ಹಿಟ್ಟಿನ ಗಿರಣಿಗೆ ಇವನ್ನ ಕಳಸು. ತೂಕದಾಗ ಯಾರೂ ಮೋಸ ಮಾಡಂಗಿಲ್ಲ."

೨. ಅಕ್ಕನನ್ನು ನೋಡಲು ಬಂದವರು

ನಾನು ರೆಪ್ಪೆ ಬಡಿದಾಗಲೆಲ್ಲ ಎಡಗಣ್ಣು ಮಾತ್ರ ಮುಚ್ಚುತ್ತಿತ್ತು. ಎದುರಿಗಿದ್ದವರಿಗೆ ಅದು ಕಣ್ಣು ಹೊಡೆದಂತೆ ಕಾಣುತ್ತಿತ್ತು. ಇದು ನಮಗೆ ಹೊಳೆದದ್ದು ಅಳ್ನಾವರದಿಂದ ಗಂಡಿನ ಕಡೆಯವರು ಬಂದ ದಿನ.

"ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತೈತೇನ್ರಿ?" ಗಂಡಿನ ಸೋದರಮಾವ ಕೇಳಿದ.

"ಅಗದಿ ಹಾಳಿ ಹಂಗ ತೆಳ್ಳಗ ಬಡಿತಾಳ್ರಿ," ಅಂದ ಅಪ್ಪ. ಪಕ್ಕದಲ್ಲಿ ಕೂತಿದ್ದ ನನ್ನ ಎಡಗಣ್ಣು ಮುಚ್ಚಿ ತೆರೆಯಿತು. ಮಾವನ ಮೀಸೆ ಅಲುಗಿತು.

"ಸಿಟ್ಟಿನಾಕಿ ಅಲ್ಲ, ಹೌದಲ್ರಿ?"

"ಅಯ್ಯ, ಆಕಳದಂಥಾಕಿರಿ!" ಮತ್ತೆ ಎಡಗಣ್ಣು.

ಮಾವ ನನ್ನನ್ನೇ ದಿಟ್ಟಿಸಿ, "ಹಂಗಾರ ಎರಡು ರೊಟ್ಟಿ ಈಗ ಇಲ್ಲೇ ನೋಡೇ ಬಿಡೂಣು," ಅಂದ.

ಅಕ್ಕ ರೇಷ್ಮೆ ಸೀರೆಯಲ್ಲೇ ಒಲೆ ಮುಂದೆ ಕೂತು ಹನ್ನೆರಡು ರೊಟ್ಟಿ ಬಡಿದಳು. ಅವರು ತಿಂದು, ಒಪ್ಪಿ, ಬಸ್ಸು ಹಿಡಿದರು. ಹದಿಮೂರನೆಯದನ್ನು ಅದೇ ಹಿಟ್ಟಿನ ಕೈಯಿಂದ ನನ್ನ ಬೆನ್ನ ಮೇಲೆ ಬಡಿದಳು. ಸಿಟ್ಟಿನ ವಿಷಯದಲ್ಲಾದರೂ ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ.

೩. ಪುರಾಣ ಕೇಳಿದ್ದು

ಮೂರನೇ ತಿಂಗಳಿಗೆ ಶ್ರಾವಣ ಬಂತು. ರೆಪ್ಪೆ ಇಳಿಯಲೊಲ್ಲದು. ಅವ್ವ ದೇವರ ಮೇಲೆ ಭಾರ ಹಾಕಿ ದಿನಾ ಸಂಜೆ ನನ್ನನ್ನು ಮಠದ ಪುರಾಣಕ್ಕೆ ಎಳೆದೊಯ್ದಳು. ನಾನು ಕಂಬಕ್ಕೆ ಎಡಗೆನ್ನೆ ಆನಿಸಿ ಕೂತವನೇ ನಿದ್ದೆ ಹೋಗುತ್ತಿದ್ದೆ. ಮುಚ್ಚಿದ ಎಡಗಣ್ಣು ಕಂಬದ ಮರೆಗೆ. ಪುರಾಣ ಹೇಳುವ ಅಜ್ಜಾರಿಗೆ ಕಾಣುತ್ತಿದ್ದುದು ತೆರೆದ ಬಲಗಣ್ಣೊಂದೇ.

ಒಂದು ದಿನ ಅವರು ಪುರಾಣ ನಿಲ್ಲಿಸಿ, "ನೋಡ್ರಿ ಆ ಹುಡುಗನ್ನ! ನೀವೆಲ್ಲಾ ತೂಕಡಸ್ತೀರಿ, ಅಂವ ರೆಪ್ಪಿ ಬಡಿಯದಂಗ ಕೇಳಾಕತ್ತಾನ," ಅಂದರಂತೆ. ಮರುದಿನದಿಂದ ಆ ಕಂಬದ ಬುಡದಲ್ಲಿ ನನಗೊಂದು ಚಾಪೆ ಖಾಯಂ ಆಯಿತು.

ಕಣ್ಣು ತೋರಿಸಲು ಮತ್ತೆ ಹುಬ್ಬಳ್ಳಿಗೆ ಹೋಗುವುದಕ್ಕೆ ನಾಲ್ಕು ದಿನ ಉಳಿದಿತ್ತು. ಅವತ್ತು ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಅರ್ಧ ಪುರಾಣದಲ್ಲಿ ಅಜ್ಜಾರು ಗದರಿದರಂತೆ: "ಏ, ಎಬ್ಬಸ್ರಿ ಆ ಹುಡುಗನ್ನ! ಕಣ್ಣ ಮುಚ್ಚಿ ಗೊರಕಿ ಹೊಡ್ಯಾಕತ್ತಾನ!"

ಹೆಂಗಸರ ಸಾಲಿನಿಂದ ಅವ್ವ ಎದ್ದು ಓಡಿಬಂದಳು. ಮಗನಿಗೆ ನಾಲ್ಕು ಬಿತ್ತು ಅಂದುಕೊಂಡರು ಮಂದಿ. ಅವಳು ನನ್ನ ಮಾರಿಗೆ ಮಾರಿ ತಂದು ನೋಡಿ, ಎಬ್ಬಿಸಲು ಬಂದವನ ಕೈ ಹಿಡಿದಳು.

"ಮುಟ್ಟಬ್ಯಾಡೋ! ಎರಡೂ ಮುಚ್ಚ್ಯಾವ್ರಿ ಅಜ್ಜಾರ, ಎರಡೂ ಮುಚ್ಚ್ಯಾವು!"

ಆ ಕೂಗಿಗೆ ನನಗೆ ಎಚ್ಚರಾಯಿತು. ಅವ್ವ ಅಳುತ್ತಲೇ ನಗುತ್ತಿದ್ದಳು. ನಾನು ಎರಡೂ ಕಣ್ಣು ಮುಚ್ಚಿ ನೋಡಿದೆ: ಪೂರಾ ಕತ್ತಲೆ. ಇನ್ನು ಕೊಯ್ಯುವುದಿಲ್ಲ! ಅಷ್ಟು ಚಂದದ ಕತ್ತಲೆ ನಾನು ಕಂಡೇ ಇರಲಿಲ್ಲ.

ಅಜ್ಜಾರು ಪುಸ್ತಕ ಮಡಚಿ, "ಹಂಗಾರ ಇಷ್ಟು ದಿನಾ ಇಂವ ಕೇಳಿದ್ದು?" ಅಂದರು.

ಅವ್ವ ಕೈಮುಗಿದಳು. "ಇಷ್ಟು ದಿನಾನೂ ಮಲಗೇ ಇದ್ದನ್ರಿ ಅಜ್ಜಾರ. ಇವತ್ತ ನಿಮಗ ಗೊತ್ತಾಗಿದ್ದು ನಮ್ಮ ಪುಣ್ಯ!"