ನೂರಾ ಹದಿಮೂರು ಚೀಟಿ

ಆ ದಿನ ನಸುಕಿನಿಂದಲೇ ಒಣಗಾಳಿ ಎದ್ದಿತ್ತು. ಮಳೆ ತರುವ ಗಾಳಿಯಲ್ಲ, ಸೆಕೆ ಕಳೆಯುವ ಗಾಳಿಯೂ ಅಲ್ಲ; ಕೆಲಸವಿಲ್ಲದ ನೆಂಟನ ಹಾಗೆ ಮನೆಮನೆಯ ಕದ ತಟ್ಟಿ, ಒಳಗೆ ಇಣುಕಿ, ಇದ್ದದ್ದನ್ನು ಕೆದಕಿ ಹೋಗುವ ಗಾಳಿ. ಭಗವಂತ ಗಾಳಿಗೆ ಕೈ ಕೊಡಲಿಲ್ಲ. ಆದರೂ ಅದು ಎತ್ತಿಕೊಂಡು ಹೋಗದ ವಸ್ತುವಿಲ್ಲ.

ಮೂರನೆಯ ಮಹಡಿಯಲ್ಲಿ ಅರ್ಥಯ್ಯ ಮುಖ ತೊಳೆಯುತ್ತಿದ್ದ. ಯಾರು ಏನೇ ಆಡಿದರೂ ನಡುವೆ ಬಾಯಿ ಹಾಕಿ ಅರ್ಥ ಹೇಳುವ ನಿಘಂಟು ಕಚೇರಿಯ ಈ ಹಂಗಾಮಿ ಗುಮಾಸ್ತನಿಗೆ ಬೀದಿಯವರು ಇಟ್ಟ ಹೆಸರದು. ಒಂಬತ್ತು ವರ್ಷ ಹಂಗಾಮಿಯಾಗಿಯೇ ಸವೆದವನಿಗೆ ಅಂದು ಸಂಜೆ ನಾಲ್ಕಕ್ಕೆ ಸಂಪಾದಕರು ಕಾಯಂ ಪತ್ರಕ್ಕೆ ಸಹಿ ಹಾಕುವವರಿದ್ದರು. ಅದಕ್ಕೆ ಮುಂಚೆ 'ಸೆಟ್' ಎಂಬ ಇಂಗ್ಲಿಷ್ ಪದದ ಕಟ್ಟನ್ನು ಒಪ್ಪಿಸಬೇಕು. ಇಂಗ್ಲಿಷಿನಲ್ಲಿ ಮೂರೇ ಅಕ್ಷರ; ಅರ್ಥ ನೂರಾ ಹದಿಮೂರು. ಅರ್ಥಕ್ಕೊಂದು ಚೀಟಿ, ಚೀಟಿಗೊಂದು ಉದಾಹರಣೆ.

ಕಚೇರಿಯಲ್ಲೊಂದು ಕಟ್ಟಳೆಯಿತ್ತು: ಚೀಟಿ ಹೊಸ್ತಿಲು ದಾಟಬಾರದು. ದಾಟಿಸಿದವನು ಮರಳಿ ಆ ಹೊಸ್ತಿಲು ತುಳಿಯುವಂತಿಲ್ಲ. ಮನೆಯಲ್ಲಿ ಕೂತು ಜೋಡಿಸೋಣವೆಂದು ಹಿಂದಿನ ಸಂಜೆ ಅರ್ಥಯ್ಯ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದ. ದಾರಕ್ಕೆ ಕಟ್ಟಿದ್ದ ಪಟ್ಟಿಯ ಮೇಲೆ ೧೧೩ ಎಂದಿದ್ದುದರಿಂದ ಎಣಿಸುವ ಗೋಜಿಗೆ ಹೋಗಿರಲಿಲ್ಲ. ದಾರ ಬಿಚ್ಚಿ, ಮೇಜಿನ ಮೇಲೆ ಹರಡಿ, ಅಲ್ಲೇ ತೂಕಡಿಸಿದ್ದ.

"ಏನು ಮುಗ್ಗಲು ವಾಸನೇರೀ! ಸ್ವಲ್ಪ ಗಾಳಿ ಆಡ್ಲಿ," ಎಂದು ಹೆಂಡತಿ ಕಿಟಕಿ ತೆಗೆದಳು.

ಗಾಳಿ ಆಡಿತು. ಅರ್ಥಯ್ಯ ಟವೆಲ್ ಸಮೇತ ಓಡಿಬರುವಷ್ಟರಲ್ಲಿ ಚೀಟಿಗಳು ಕೊಕ್ಕರೆ ಹಿಂಡಿನಂತೆ ಕಿಟಕಿ ದಾಟುತ್ತಿದ್ದವು.

"ಅಯ್ಯೋ, ಹೋಯ್ತಲ್ಲೇ ನನ್ನ ಕೆಲಸ!"

"ಕಾಗದ ತಾನೇ? ಕೆಳಗೇ ಬಿದ್ದಿರುತ್ತೆ. ಹಾರ್ಕೊಂಡು ಸ್ವರ್ಗಕ್ಕೆ ಹೋಗುತ್ತಾ?"

ಹೊಟ್ಟೆನೋವೆಂದು ಕಚೇರಿಗೆ ಹೇಳಿಕಳಿಸಿದ.

ಕೆಳಗೆ ಮೋರಿ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ಒಂದಷ್ಟು ಚೀಟಿಗಳನ್ನು ಇಟ್ಟಿಗೆಯ ಕೆಳಗಿಟ್ಟು ಕಾಯುತ್ತಿದ್ದ.

"ಸ್ವಾಮಿ, 'ಸಿಮೆಂಟು ಗಟ್ಟಿಯಾಗುತ್ತದೆ' ಅಂತ ಬರ್ದಿದೀರಲ್ಲ, ನೀರು ಹೊಡೀದೆ ಹೆಂಗಾಗುತ್ತೆ?"

"ಆಗುತ್ತೆ ಮೇಸ್ತ್ರಿ, ಕೊಡಪ್ಪ."

"ಆಗಲ್ಲ, ಬಿರುಕು ಬಿಡುತ್ತೆ. ನಾಳೆ ನಿಮ್ಮ ಪುಸ್ತಕ ನಂಬ್ಕೊಂಡು ಯಾರೋ ಮನೆ ಕಟ್ತಾರೆ, ಅದು ಬೀಳುತ್ತೆ. ಪಾಪ ಯಾರಿಗೆ?"

'ನೀರು ಹೊಡೆದ ಮೇಲೆ' ಎಂದು ಪೆನ್ಸಿಲಿನಲ್ಲಿ ಸೇರಿಸುವವರೆಗೂ ಮೇಸ್ತ್ರಿ ಇಟ್ಟಿಗೆ ಎತ್ತಲಿಲ್ಲ. ಹಸಿ ಗಾರೆಗೆ ಬಿದ್ದಿದ್ದ ಎರಡನ್ನು ಕರಣೆಯಿಂದ ಎತ್ತಿ, ಅಂಗೈಯಲ್ಲಿ ಒರೆಸಿ ಕೊಟ್ಟ.

ಪಕ್ಕದ ಕ್ಷೌರದಂಗಡಿಯವನು ಸಿಕ್ಕಿದ್ದನ್ನೆಲ್ಲ ಕನ್ನಡಿಯ ಸುತ್ತ ಅಂಟಿಸಿದ್ದ. "'ಕೂದಲು ಓರಣವಾಗಿ ಕೂರಿಸು.' ನಮ್ಮ ಕಸುಬಿನ ಮಾತಲ್ವಾ ಅಣ್ಣ? ಗಿರಾಕಿಗಳು ಓದ್ಲಿ ಬಿಡು."

"ನನ್ನ ಹೊಟ್ಟೆಪಾಡಪ್ಪ, ಕೊಟ್ಬಿಡು!"

"ಹಂಗಾದ್ರೆ ಕೂತ್ಕೋ. ಬೆಳ್ಬೆಳಿಗ್ಗೆ ಬಂದೋರು ಸುಮ್ನೆ ಎದ್ದು ಹೋದ್ರೆ ಅಂಗಡಿಗೆ ಏಳಿಗೆಯಿಲ್ಲ."

ಎಡಗೆನ್ನೆ ಮುಗಿಯುವಷ್ಟರಲ್ಲಿ, ರಸ್ತೆಯಲ್ಲಿ ನಾಲ್ಕು ಚೀಟಿ ಉರುಳುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಅಂಟಿಸಿದ್ದನ್ನೆಲ್ಲ ಕಿತ್ತುಕೊಂಡು, ಬಲಗೆನ್ನೆಯ ನೊರೆಯೊಂದಿಗೇ ಓಡಿದ.

ಉಳಿದವು ನೆಲಮಹಡಿಯ ಅಜ್ಜನ ಜಗಲಿಯಲ್ಲಿ ಗುಡ್ಡೆಬಿದ್ದಿದ್ದವು. ಅಜ್ಜ ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದು ಓದುತ್ತಿದ್ದರು, ಮುಗಿಯುವವರೆಗೂ ಕೊಡಲೊಲ್ಲರು. ಅರ್ಥಯ್ಯ ಮೆಟ್ಟಿಲ ಮೇಲೆ ಕುಳಿತು ದೇವರನ್ನೂ ಗಡಿಯಾರವನ್ನೂ ಸರದಿಯಂತೆ ನೋಡಿದ.

"ಎಲ್ಲಾ ಓದಿದೆ. ನನ್ನ ಹಲ್ಲಿನ ಸೆಟ್ಟು ಒಂದರಲ್ಲೂ ಇಲ್ಲ! ಹಲ್ಲಿಲ್ಲದೋರು ಮನುಷ್ಯರಲ್ವೇನೋ?"

"ಇದೆ ಅಜ್ಜ. 'ಒಂದಕ್ಕೊಂದು ಸೇರಿದ ವಸ್ತುಗಳು' ಅಂತ ಇದೆಯಲ್ಲ."

"ಎಲ್ಲಿ ಸೇರುತ್ತೆ? ನಂದು ಬಾಯಿಗೇ ಸೇರ್ತಿಲ್ಲ!"

ಮೂರು ಗಂಟೆಗೆ ಮನೆಯಲ್ಲಿ ಎಣಿಸಿದ. ನೂರಾ ಹನ್ನೆರಡು. ಎಂಜಲು ಹಚ್ಚಿ ಎಣಿಸಿದ, ನೂರಾ ಹನ್ನೆರಡು. ಹೆಂಡತಿ ಎಣಿಸಿದಳು, ಅಷ್ಟೇ. ಮೋರಿ, ಮಾಡು, ಅಜ್ಜನ ಹಾಸಿಗೆ ಎಲ್ಲ ತಡಕಿದ್ದಾಯಿತು. ಬೆವರಿನಲ್ಲಿ ಅಂಗಿ ಬೆನ್ನಿಗಂಟಿತು.

"ಒಂದು ಬರೆದು ಸೇರಿಸ್ರೀ. ಅಷ್ಟರಲ್ಲಿ ಒಂದು ಯಾರಿಗ್ ಕಾಣುತ್ತೆ?"

"ಸುಳ್ಳು ಅರ್ಥ ಬರೀಲೇನೇ? ಕೈ ಬರಲ್ಲ."

"ಸುಳ್ಳು ಯಾಕೆ? ನಿಮ್ಮನ್ನ ನೋಡ್ಕೊಂಡು ಬಂದ ದಿನ ನಮ್ಮಪ್ಪ ಏನಂದ್ರು ಗೊತ್ತಾ? 'ಹುಡುಗ ಒಳ್ಳೆಯವನು, ಆದ್ರೆ ನಿಂಗೆ ಸೆಟ್ ಆಗಲ್ಲ.' ಅದನ್ನೇ ಬರೀರಿ, ನಿಜವಾದ ಮಾತು."

ಹದಿನಾಲ್ಕು ವರ್ಷದ ಮೇಲೆ ಈ ವಿಷಯ ತಿಳಿದು ನೊಂದುಕೊಳ್ಳಲು ಅರ್ಥಯ್ಯನಿಗೆ ಪುರಸೊತ್ತಿರಲಿಲ್ಲ. 'ಹೊಂದಿಕೆಯಾಗು' ಎಂದು ಬರೆದ. ಉದಾಹರಣೆ ಬರೆದ. ಎಲ್ಲಿಂದ ಬಂದ ಮಾತು ಎಂಬಲ್ಲಿ 'ಆಪ್ತ ಮೂಲ' ಎಂದು ಬರೆದು ಕಣ್ಣು ಮುಚ್ಚಿ ಕೈಮುಗಿದ.

ನಾಲ್ಕು ಗಂಟೆ. ಸಂಪಾದಕರ ಮೇಜಿನ ಮೇಲೆ ಕಾಯಂ ಪತ್ರ, ಅದರ ಪಕ್ಕ ಬಿಚ್ಚಿಟ್ಟ ಪೆನ್ನು. ಕನ್ನಡಕ ಮೂಗಿನ ಮೇಲೇ ಇದ್ದರೂ ಅವರ ಎಡಗೈ ಕನ್ನಡಕದ ಡಬ್ಬಿಯನ್ನು ಬಿಡದೆ ಹಿಡಿದಿತ್ತು. ಅರ್ಧ ಬೋಳಿಸಿದ ಅರ್ಥಯ್ಯನ ಮುಖವನ್ನು ಅವರು ಗಮನಿಸಲೇ ಇಲ್ಲ. ಎಣಿಸತೊಡಗಿದರು.

"ನೂರಾ ಹನ್ನೊಂದು, ನೂರಾ ಹನ್ನೆರಡು..." ಎಂದು ಹಗುರಾಗಿ ಉಸಿರು ಬಿಟ್ಟರು. ಆಮೇಲೆ ಕೈಗೆ ಇನ್ನೊಂದು ಸಿಕ್ಕಿತು. ಮುಖ ಬಿಳಿಚಿತು. "ನೂರಾ ಹದಿಮೂರು?"

"ಸರಿಯಾಗಿದೆಯಲ್ಲ ಸಾರ್?" ಅರ್ಥಯ್ಯ ಕೇಳಿದ.

ಅವರು ಒಂದೊಂದನ್ನೇ ಓದತೊಡಗಿದರು. ಗಾರೆ ಮೆತ್ತಿದ್ದು ದಾಟಿತು, ನೊರೆ ಒಣಗಿದ್ದು ದಾಟಿತು. ಒಂದು ಕಡೆ ಬೆರಳು ನಿಂತಿತು.

"'ಹುಡುಗ ಒಳ್ಳೆಯವನು, ಆದರೆ ನಿನಗೆ ಸೆಟ್ ಆಗಲ್ಲ.' ಯಾವ ಇಂಗ್ಲಿಷಯ್ಯ ಇದು? ಆಪ್ತ ಮೂಲ ಅಂದ್ರೆ ಯಾರು?"

"ಮಾವನವರು, ಸಾರ್."

ಅಷ್ಟು ಹೊರಬಿದ್ದ ಮೇಲೆ ಉಳಿದದ್ದೂ ಕಟ್ಟೆಯೊಡೆದ ಕೆರೆಯಂತೆ ಬಂತು. ಚೀಲ, ಕಿಟಕಿ, ಗಾಳಿ, ಅಜ್ಜ. "ಒಂದೇ ಒಂದು ಕಳೆದುಹೋಯ್ತು ಸಾರ್. ಊರೆಲ್ಲ ಹುಡುಕಿದೆ."

ಸಂಪಾದಕರು ಪೆನ್ನಿಗೆ ಮುಚ್ಚಳ ಹಾಕಿದರು. ಪತ್ರವನ್ನು ಮಡಚಿ ಡ್ರಾಯರಿಗೆ ಸೇರಿಸಿ ಬೀಗ ತಿರುಗಿಸಿದರು.

"ಕಾಯಂ ಮಾತು ಇನ್ನೊಂದು ವರ್ಷ ಬೇಡ. ಖೋಟಾ ಚೀಟಿ ಅಂದ್ರೆ ಖೋಟಾನೇ. ಚೀಟಿ ಮನೆಗೆ ಒಯ್ದದ್ದಕ್ಕೆ ಕೆಲಸದಿಂದಲೇ ತೆಗೀಬೇಕು, ಆದ್ರೆ ಅದು..." ದನಿ ಯಾಕೋ ಇಳಿಯಿತು. "ಅದು ನನ್ನ ಬಾಯಲ್ಲಿ ಬರಬಾರದು."

ಹೊರಗೆ ಗಾಳಿ ನಿಂತಿತ್ತು. ಚೀಟಿ ಓದುವುದರಲ್ಲೇ ಹೊತ್ತು ಇಳಿದು, ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಸಂಪಾದಕರು ಕನ್ನಡಕದ ಡಬ್ಬಿ ತೆರೆದು, ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, ಬಿಡಿಸಿ, ಬೆರಳಿನಿಂದ ಸುಕ್ಕು ತೀಡಿದರು.

"ನಿನ್ನೆ ಮಧ್ಯಾಹ್ನ ಮನೆಗೆ ಒಯ್ದಿದ್ದೆ. ಒಂದು ಸಲ ಸಾವಧಾನವಾಗಿ ನೋಡೋಣ ಅಂತ."

ಅರ್ಥಯ್ಯನ ಮುಖ ನೋಡದೆ ಅದನ್ನು ಮೆಲ್ಲಗೆ ಅವನ ಮುಂದೆ ಸರಿಸಿದರು. ದಿನವಿಡೀ ಅವನಿಗಾಗಲಿ, ಬೀದಿಯಲ್ಲಿ ಯಾರಿಗಾಗಲಿ ಹೊಳೆಯದೆ ಹೋದ ಅರ್ಥ ಅದರಲ್ಲಿತ್ತು: '(ಸೂರ್ಯ) ಮುಳುಗು.'