ನಾಲ್ಕು ತೂತಿನ ಕಬ್ಬಿಣಕ್ಕೆ ಬೆಲೆ

ನನಗೆ ಬೆಲೆ ಕೇಳುವುದು ಬರುತ್ತದೆ, ಹೇಳುವುದು ಬರುವುದಿಲ್ಲ. ಬದನೆಕಾಯಿಯವಳ ಜೊತೆ ಚೌಕಾಸಿ ಮಾಡುವಷ್ಟು ಧೈರ್ಯ ಮದುವೆಯಾದ ಮೇಲೆ ಹೇಗೋ ಬಂದಿದೆ. ಆದರೆ ನಾನೇ ಏನಾದರೂ ಮಾರಬೇಕೆಂದರೆ ಆ ಧೈರ್ಯ ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತದೆ. ಕಾನ್ವೆಂಟಿನ ಸಿಸ್ಟರುಗಳು ಕಸೂತಿ ಕಲಿಸಿದರು, ಇಂಗ್ಲಿಷ್ ಪದ್ಯ ಕಲಿಸಿದರು, ಯಾರೂ ಕೇಳುವ ಮೊದಲೇ ತಪ್ಪು ಒಪ್ಪಿಕೊಳ್ಳುವುದನ್ನೂ ಕಲಿಸಿದರು. ಮೋಟಾರಿನ ಎಂಜಿನ್ ಬ್ಲಾಕಿಗೆ ಎಷ್ಟು ಹೇಳಬೇಕೆಂದು ಮಾತ್ರ ಕಲಿಸಲಿಲ್ಲ.

ನಮ್ಮ ಮಾವನವರು ಸವಣೂರಿನಿಂದ ಯಲವಿಗಿ ಸ್ಟೇಶನ್ನಿಗೆ ಬಾಡಿಗೆ ಮೋಟಾರು ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿಯ ಗಾಲಿಗಳು ಒಂದು ಊರಿಗೆ, ಸೀಟು ಇನ್ನೊಂದು ಊರಿಗೆ ಹೋಗಿ, ಮನೆಯಲ್ಲಿ ಉಳಿದದ್ದು ಈ ಬ್ಲಾಕು: ನಾಲ್ಕು ದೊಡ್ಡ ತೂತುಗಳಿದ್ದ ಕಬ್ಬಿಣದ ಪೆಟ್ಟಿಗೆ. ಅದು ಸಣ್ಣ ಕೋಣೆಯಲ್ಲಿ ಹಳೇ ಧೋತರ ಹೊದ್ದುಕೊಂಡು ಕುಳಿತಿತ್ತು. ಪ್ರತಿ ಅಮಾವಾಸ್ಯೆಗೆ ನಮ್ಮವರು ಅದಕ್ಕೆ ಎಣ್ಣೆ ಸವರುತ್ತಿದ್ದರು. ತಮ್ಮ ತಲೆಗೆ ಅಷ್ಟು ನೇಮದಿಂದ ಸವರಿಕೊಂಡದ್ದನ್ನು ನಾನು ಕಂಡಿಲ್ಲ.

ನಾದಿನಿ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೆ ಆ ಕೋಣೆಯೇ ಬೇಕೆಂದು ಅತ್ತೆ ಹಟ ಹಿಡಿದರು. ಎರಡು ದಿನವಾದ ಮೇಲೆ ನಮ್ಮವರು ಒಪ್ಪಿದರು. "ಮಾರೋಣಂತ. ಆದ್ರ ತೂಕದ ಮ್ಯಾಲೆ ಬ್ಯಾಡ. ಅಪ್ಪನ ಎಂಜಿನ್ನ ಗುಜರಿಗೆ ಹಾಕಿದ್ರ ನಾ ಈ ಮನ್ಯಾಗ ಉಣ್ಣೂದಿಲ್ಲ." ಕೊಳ್ಳುವವರು ಬರುವ ದಿನ ಅವರಿಗೆ ಹಿರೇಕೆರೂರಿನಲ್ಲಿ ಕೆಲಸ ಹುಟ್ಟಿತು. ಹೋಗುವಾಗ ನನಗೆಂದರು: "ರೇಟ್ ನೀನ ಹೇಳು. ಇಂಗ್ಲಿಷ್ ಕಲ್ತಾಕಿ, ಗಾಡಿ ಪುಸ್ತಕ ಓದ್ಕೊ."

ಓದಿದೆ. ಎಷ್ಟು ಎಣ್ಣೆ ಹಾಕಬೇಕೆಂದಿತ್ತು, ಎಷ್ಟಕ್ಕೆ ಮಾರಬೇಕೆಂದಿರಲಿಲ್ಲ. ಅತ್ತೆಯನ್ನು ಕೇಳಿದರೆ, "ಹಾಲು ಕೊಡೂ ಎಮ್ಮಿ ಬೆಲಿ ಹೇಳು. ಎಮ್ಮಿಗಿಂತ ಹೆಚ್ಚ ತಿಂದೈತಿ ಅದು" ಎಂದರು. ಗುಜರಿಯವನ ಲೆಕ್ಕ ಇಪ್ಪತ್ತು ರೂಪಾಯಿ ದಾಟಲಿಲ್ಲ. ಗುಜರಿಗೂ ಎಮ್ಮೆಗೂ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬ್ಲಾಕನ್ನು ಒರೆಸುತ್ತ ಕುಳಿತೆ. ಆಗ ಕಂಡಿತು, ಪಕ್ಕದಲ್ಲಿ ಕೂದಲೆಳೆಯಂಥ ಒಂದು ಸೀಳು. ಈಗ ಸೀಳಿಗೆ ಎಷ್ಟು ಕಳೆಯಬೇಕು? ಗೇಣಿನ ಲೆಕ್ಕವೋ, ಬೆರಳಿನ ಲೆಕ್ಕವೋ?

ಬಂದವರು ರಟ್ಟೀಹಳ್ಳಿಯ ಶಿವಪ್ಪ, ದನದ ದಲಾಲಿ. ಅವರ ಮನೆಯಲ್ಲೂ ಅಂಥದೇ ಗಾಡಿಯಿದ್ದು ಅದರ ಎಂಜಿನ್ ಒಡೆದಿತ್ತು. ಅವರು ಎತ್ತಿನ ಬೆನ್ನು ತಟ್ಟುವಂತೆ ಬ್ಲಾಕನ್ನು ತಟ್ಟಿ, ಒಂದೊಂದು ತೂತಿಗೂ ಕೈಹಾಕಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಇಲ್ಲೊಂದು ಸೀಳು ಐತ್ರಿ" ಎಂದುಬಿಟ್ಟೆ.

ಶಿವಪ್ಪ ನೆಟ್ಟಗಾದರು. "ಬಾಯಾರ, ಮೂವತ್ತು ವರ್ಷ ದನದ ಸಂತಿ ಮಾಡೇನಿ. ಮಾರವ್ರು ತಾವ ಬಾಯಿಬಿಟ್ಟು ಒಂದ ಐಬು ಹೇಳಿದ್ರಂದ್ರ, ಅದರ ಹಿಂದ ದೊಡ್ಡ ಐಬು ಮುಚ್ಚಿಟ್ಟಿರ್ತಾರ. ಅದನ್ನ ಹೇಳ್ರಿ."

"ಬ್ಯಾರೆ ಯಾವುದೂ ಇಲ್ರಿ."

"ಅಬಾಬಾ! ಮುಖದ ಮ್ಯಾಲೆ ಏನೂ ತೋರ್ಸೂದಿಲ್ಲ! ಪಕ್ಕಾ ಅದೀರಿ ಬಿಡ್ರಿ."

ಎಲ್ಲಿ ಸೋರುತ್ತದೆಂದು ನೋಡಲು ಅವರು ಬ್ಲಾಕಿನ ಕೆಳಗಿನ ಬಾಯಿಗಳಿಗೆ ಅರಿವೆ ತುರುಕಿ ಮೇಲಿನಿಂದ ನೀರು ಹೊಯ್ಯಿಸಿದರು. ಸೀಳಿನ ಹತ್ತಿರ ನಾಲ್ಕು ಹನಿ ಮೂಡಿದವು, ಬೇರೆಲ್ಲೂ ಇಲ್ಲ. ಅದರಿಂದ ಅವರ ದಿಗಿಲು ಇನ್ನೂ ಹೆಚ್ಚಾಯಿತು. "ಸಿಗವಲ್ದು ಅಂದ್ರ ಭಾಳ ದೊಡ್ಡ ಐಬ ಇರಬೇಕು" ಎನ್ನುತ್ತ ರುಮಾಲು ಸರಿಪಡಿಸಿಕೊಂಡು ಎದ್ದರು. ನನ್ನ ಸತ್ಯದಿಂದಾಗಿ ಬಾಣಂತಿಗೆ ಕೋಣೆಯೂ ಇಲ್ಲ, ಗುಜರಿಗೆ ಹಾಕಿದರೆ ಗಂಡನಿಗೆ ಊಟವೂ ಇಲ್ಲ!

ಆಗ ಅತ್ತೆ ಹೊರಗೆ ಬಂದರು. "ಕುಂದರೋ ಶಿವಪ್ಪಣ್ಣಾ. ಆಕೀನ್ನ ಏನ್ ಕೇಳ್ತಿ? ಇಂಥ ಎಂಜಿನ್ ಈ ಜಿಲ್ಲಾದಾಗ ಇನ್ನೊಂದಿಲ್ಲ. ಸೀಳೂ ಇಲ್ಲ, ಗೀಳೂ ಇಲ್ಲ. ಅದು ಕಬ್ಬಿಣದ ಬೆವರು!"

ಶಿವಪ್ಪನವರ ಮುಖ ಅರಳಿತು. ತಮಗೆ ಪರಿಚಯವಿದ್ದ ಸುಳ್ಳು ಕೊನೆಗೂ ಕೇಳಿಸಿತ್ತು. "ಹಾಂ, ಹಿಂಗ ಮಾತಾಡ್ರೆವಾ! ಸೀಳಿಗೆ ಹುಬ್ಬಳ್ಳ್ಯಾಗ ಬೆಸಗಿ ಹಾಕಸ್ತೇನಿ" ಎಂದು ಕುಳಿತರು. ಸಂತೆಯ ರೂಢಿಯಂತೆ ಟವೆಲ್ಲು ಹಾಸಿ ಅದರ ಕೆಳಗೆ ಕೈ ಚಾಚಿದರು. ಅತ್ತೆಯೂ ಕೈ ತೂರಿಸಿದರು. ಬೆರಳು ಹಿಡಿದು ದರ ಮುರಿಯುವ ಆಟ. ಒಬ್ಬರು ಹಿಚುಕಿದರೆ ಇನ್ನೊಬ್ಬರು ತಲೆ ಅಲ್ಲಾಡಿಸುವರು. ಮಾರುತ್ತಿದ್ದವಳು ನಾನು, ಆದರೆ ಕಾಣುತ್ತಿದ್ದದ್ದು ಟವೆಲ್ಲಿನ ಅಲುಗಾಟ ಮಾತ್ರ. ಕೊನೆಗೆ ಇಬ್ಬರೂ "ಆತು" ಎಂದರು. ನೋಟುಗಳು ಎಣಿಕೆಯಾಗದೆ ಅತ್ತೆಯ ಸೆರಗಿನ ಗಂಟು ಸೇರಿದವು.

ನಮ್ಮವರು ಬಂದವರೇ ಖಾಲಿ ಕೋಣೆಯಲ್ಲಿ ಎಣ್ಣೆಯ ಕಲೆ ನೋಡುತ್ತ ನಿಂತರು. "ಎಂಜಿನ್ ಅಂತನ ಒಯ್ದರ‍್ರಿ, ಓಡಸ್ತಾರಂತ" ಎಂದೆ. ಕೈಕಾಲು ತೊಳೆದು ಊಟಕ್ಕೆ ಕುಳಿತರು. ಎರಡನೇ ರೊಟ್ಟಿಗೆ ಕೇಳಿದರು: "ಎಷ್ಟಕ್ಕ?" ನನಗೆ ಗೊತ್ತಿರಲಿಲ್ಲ. "ಟವೆಲ್ ಕೆಳಗಿನ ಮಾತು ಮ್ಯಾಲೆ ಆಡಬಾರ್ದು" ಎಂದು ಅತ್ತೆ ಪಲ್ಯ ಬಡಿಸಿದರು. ನನಗೆ ಇಂದಿಗೂ ಗೊತ್ತಿಲ್ಲ.

ಆದರೆ ಶಿವಪ್ಪ ಹೋದಲ್ಲೆಲ್ಲ ನನ್ನ ವ್ಯಾಪಾರದ ಚಾಣಾಕ್ಷತನವನ್ನು ಹೊಗಳಿದರಂತೆ. ಮುಂದಿನ ವಾರ ಹಾನಗಲ್ಲಿನಿಂದ ಒಬ್ಬ ಹೆಂಗಸು ಹೊಲಿಗೆ ಯಂತ್ರ ಹೊರಿಸಿಕೊಂಡು ಬಂದಳು. "ಅಕ್ಕಾರ, ಇದಕ್ಕ ಎಷ್ಟ ಹೇಳಬೇಕ್ರಿ?" ನನ್ನ ಗೊಂದಲ ತೋರಿಸಬಾರದೆಂದು ಸುಮ್ಮನೆ ಯಂತ್ರವನ್ನು ಒಂದು ಸುತ್ತು ಹಾಕಿದೆ. ನನ್ನ ಮೌನಕ್ಕೇ ಹೆದರಿ ಅವಳು, "ಖರೇ ಹೇಳ್ತೇನ್ರಿ, ಆಗಾಗ ದಾರ ಹರೀತೈತ್ರಿ. ಅದೊಂದ ಐಬು" ಎಂದಳು.

ಪಾಪ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ನಾನು ನಂಬಲಿಲ್ಲ.