ಕಾಕಾ ಕಲಿಸಿದ ದೊಡ್ಡ ಸಾಲಿ

ಹೈಸ್ಕೂಲಿನ ವಿಷಯದಲ್ಲಿ ನಮ್ಮ ಕಾಕಾನಷ್ಟು ತಿಳಿದವರು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಹುಡುಕಿದರೂ ಸಿಗಲಿಕ್ಕಿಲ್ಲ. ಅವರು ಹೈಸ್ಕೂಲಿಗೆ ಹೋದದ್ದು ಮಾತ್ರ ಒಂದೇ ವಾರ. ಅದೂ ಪೂರಾ ವಾರವಲ್ಲ, ಶನಿವಾರ ಬರುವುದರೊಳಗೆ ಬಿಟ್ಟಿದ್ದರು. ಇಷ್ಟು ಕಡಿಮೆ ಕಲಿತು ಇಷ್ಟು ಹೆಚ್ಚು ಹೇಳಿಕೊಡುವ ಇನ್ನೊಬ್ಬ ಮನುಷ್ಯನನ್ನು ನಾನಂತೂ ನೋಡಿಲ್ಲ. ನೀವು ನೋಡಿದ್ದೀರಾ?

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಮೂಡಲಗಿಯಲ್ಲಿ ಅವರದು ನೀರೆತ್ತುವ ಮೋಟಾರು ರಿಪೇರಿ ಮಾಡುವ ಅಂಗಡಿ. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಮುಖದಲ್ಲಿ ಯಾವಾಗಲೂ ಯಾರದೋ ಮಣ್ಣಿಗೆ ಹೋಗಿ ಬಂದ ಕಳೆ. ಮದುವೆಮನೆಯಲ್ಲಿ ಅವರ ಪಕ್ಕ ಕೂತವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ನಗಿಸಬೇಕೆಂಬ ಉದ್ದೇಶ ಅವರಿಗೆ ಒಂದು ದಿನವೂ ಇರಲಿಲ್ಲ, ನಗುತ್ತಿದ್ದವರು ನಾವೇ.

ನಮ್ಮದು ಘೋಡಗೇರಿ. ನಾನು ಏಳನೇ ಇಯತ್ತೆ ಪಾಸಾದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಗೋಕಾಕದ ದೊಡ್ಡ ಹೈಸ್ಕೂಲಿಗೇ ಹಾಕುವುದೆಂದು ಹಟ ಹಿಡಿದರು. ಕಾಕಾನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ಮರುದಿನ ಅಂಗಡಿಗೆ ಬೀಗ ಜಡಿದು, ಕೈಚೀಲ ಹಿಡಿದು, ಮನೆ ಮುಂದೆ ಬಂದು ನಿಂತರು. ಹುಡುಗಿಯನ್ನು ತಯಾರು ಮಾಡಬೇಕು, ಅದಕ್ಕೇ ಬಂದೆ ಅಂದರು. ಸಾಲಿಗೆ ಕಳಿಸುತ್ತಿದ್ದೇವೋ ಮಿಲಿಟರಿಗೋ ಎಂದು ಅಪ್ಪ ಕೇಳಿದರು. ಕಾಕಾ ಸ್ವಲ್ಪ ಯೋಚಿಸಿ, ಮಿಲಿಟರಿಯಲ್ಲಿ ಊಟಕ್ಕಾದರೂ ಜೊತೆಗೆ ಕೂರುತ್ತಾರೆ ಅಂದರು.

ತಯಾರಿ ಅವತ್ತೇ ಶುರುವಾಯಿತು. ಮೊದಲನೆಯ ಪಾಠ ಗಂಟೆಯದು. ದೊಡ್ಡ ಸಾಲಿಯಲ್ಲಿ ಗಂಟೆ ಹೊಡೆದರೆ ಎಲ್ಲರೂ ಒಮ್ಮೆಲೇ ಏಳುತ್ತಾರೆ, ನಿಂತಲ್ಲೇ ನಿಂತವರನ್ನು ತುಳಿದುಕೊಂಡು ಹೋಗುತ್ತಾರೆ ಎಂಬುದು ಕಾಕಾನ ಸಿದ್ಧಾಂತ. ಒಂದು ಕಬ್ಬಿಣದ ಪೈಪು ತಂದು ಪಡಸಾಲೆಯ ತೊಲೆಗೆ ತೂಗುಹಾಕಿದರು. ಅವರು ಮೋಟಾರು ಬಿಚ್ಚುವ ಪಾನಾದಿಂದ ಅದಕ್ಕೆ ಬಾರಿಸಿದ ಕೂಡಲೇ ನಾನು ಪುಸ್ತಕ ಬಾಚಿಕೊಂಡು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಹಿತ್ತಿಲಿಗೆ ಓಡಬೇಕು. ಎರಡೇ ದಿನದಲ್ಲಿ ನಾನಷ್ಟೇ ಅಲ್ಲ, ಚಹಾ ಕುಡಿಯುತ್ತಿದ್ದ ಅಪ್ಪನೂ ಗಂಟೆ ಕೇಳಿದರೆ ಕಪ್ಪು ಹಿಡಿದು ಎದ್ದು ನಿಲ್ಲತೊಡಗಿದರು. ಗೋದಲಿಯ ಮುಂದೆ ಮಲಗಿದ್ದ ಎಮ್ಮೆಯೂ ಎದ್ದಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ಮಾತ್ರ ಏಳಲಿಲ್ಲ. ಆಕೆಯೊಬ್ಬಳೇ ಫೇಲಾಗುವ ವಿದ್ಯಾರ್ಥಿನಿ ಎಂದು ಕಾಕಾ ಬೇಸರಪಟ್ಟರು.

ಎರಡನೆಯದು ಹೆಸರಿನ ಪಾಠ. ಅಲ್ಲಿ ನಿನ್ನ ಹೆಸರು ಯಾರಿಗೂ ಬೇಕಾಗಿರುವುದಿಲ್ಲ, ನಂಬರಿಗೆ ಓ ಅನ್ನುವುದನ್ನು ರೂಢಿ ಮಾಡಿಕೋ ಅಂದರು. ಅವತ್ತಿನಿಂದ ನಾನು ಐವತ್ತೆರಡು. ಒಂದು ವಾರ ನನ್ನನ್ನು ಹೆಸರು ಹಿಡಿದು ಅವರು ಅಪ್ಪಿತಪ್ಪಿಯೂ ಕರೆಯಲಿಲ್ಲ. ರೂಢಿ ಗಟ್ಟಿಯಾಗಲೆಂದು ಮನೆಯವರಿಗೆಲ್ಲ ನಂಬರು ಹಾಕಿದರು, ಅವ್ವ ಮೂವತ್ತೊಂದು. ಬಾಜೂ ಮನೆಯ ಅಜ್ಜಿ ಮಜ್ಜಿಗೆ ಕೇಳಲು ಬಂದಾಗ, ಮೂವತ್ತೊಂದು ಒಳಗಿದ್ದಾರೆ ಹೋಗ್ರಿ ಎಂದು ಕಾಕಾ ಹೇಳಿದರು. ಇಷ್ಟು ಸಣ್ಣ ಮನೆಯಲ್ಲಿ ಅಷ್ಟು ಮಂದಿ ಎಲ್ಲಿ ಕೂತಿದ್ದಾರೋ ಎಂದು ಆಕೆ ಗಾಬರಿಯಾಗಿ ಹೊಸ್ತಿಲಿಂದಲೇ ತಿರುಗಿ ಹೋದಳು.

ಇದೆಲ್ಲ ಸಣ್ಣ ತಯಾರಿ. ದೊಡ್ಡದು ಹುಕ್ಕೇರಿಯ ಸಂತೆಯಲ್ಲಿ ನಡೆಯಿತು.

ಸಂತೆಯ ದಿನ ಬೆಳಿಗ್ಗೆ ಕಾಕಾ ನನಗೆ ಬೆನ್ನಿಗೆ ಚೀಲ ಹಾಕಿಸಿ, ಬಸ್ಸು ಹತ್ತಿಸಿ ಹುಕ್ಕೇರಿಗೆ ಕರೆದೊಯ್ದರು. ಸಂತೆಯ ಬಾಯಿಗೆ ನಿಲ್ಲಿಸಿ, ಇದೇ ಹೈಸ್ಕೂಲು ಅಂತ ತಿಳಿ ಅಂದರು. ಉಳ್ಳಾಗಡ್ಡಿಯ ಸಾಲು ಎಂಟನೇ ಇಯತ್ತೆಯ ಎ ಸೆಕ್ಷನ್, ಮೆಣಸಿನಕಾಯಿ ಬಿ, ಅರಿವೆ ಅಂಗಡಿಗಳು ಸಿ. ಬಳೆಗಾರರ ಸಾಲು ಮಾಸ್ತರರ ಖೋಲಿ, ಅತ್ತ ಹಾಯಲೇಬಾರದು. ಅವರು ಹೋಗಿ ಸಿ ಸೆಕ್ಷನ್ನಿನಲ್ಲಿ ನಿಲ್ಲುತ್ತಾರೆ, ನಾನು ಬಂದು ಮುಟ್ಟಬೇಕು. ಒಂದೇ ಶರತ್ತು: ಯಾರನ್ನೂ ಕೇಳಬಾರದು.

"ಯಾಕ ಕೇಳಬಾರದು?" ಅಂದೆ.

"ಕೇಳಿದ್ರ ನಗತಾರ," ಅಂದರು ಕಾಕಾ.

ಆ ಗದ್ದಲದಲ್ಲಿ ಅರಿವೆ ಅಂಗಡಿ ಕಾಣದೆ ನಾನು ಮೆಣಸಿನಕಾಯಿ ಮಾರುವ ಮುದುಕಿಯನ್ನು ಕೇಳಿಯೇಬಿಟ್ಟೆ. ಆಕೆ ನಗಲಿಲ್ಲ, ಕೈ ಮಾಡಿ ತೋರಿಸಿದಳು. ಹೋದರೆ ಅಲ್ಲಿ ಕಾಕಾನೇ ಇಲ್ಲ! ಕಾದೆ. ಬಿಸಿಲೇರಿತು. ಕೊನೆಗೆ ಉದ್ದ ಅಂಗಿಯ, ದುಃಖದ ಮುಖದ ಮನುಷ್ಯನನ್ನು ಕಂಡಿರೇನ್ರಿ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತ ಹೊರಟೆ. ಕುರಿ ಮಾರುವ ಜಾಗದಲ್ಲಿ, ಕುರಿಗಳ ನಡುವೆ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ದಾರಿ ತಪ್ಪಿ ಸಂತೆಯನ್ನೆಲ್ಲ ಸುತ್ತಿದ್ದರು, ಒಬ್ಬರನ್ನೂ ಕೇಳಿರಲಿಲ್ಲ. ನನ್ನನ್ನು ನೋಡಿ, ಸೆಕ್ಷನ್ ಬದಲಿ ಮಾಡಿದ್ದಾರೆ ಅಂದರು.

ಬಸ್ಸಿನಲ್ಲಿ ನಾನು ಊರು ಮುಟ್ಟುವವರೆಗೂ ನಕ್ಕೆ. ಅವರು ಕಿಟಕಿಯಿಂದಾಚೆ ನೋಡುತ್ತ ಕೂತಿದ್ದರು.

ಕೊನೆಯ ಪಾಠ ಒಂದಿತ್ತು, ಅದಕ್ಕೆ ಮನೆಯಲ್ಲಿ ಯಾರೂ ನಗಲಿಲ್ಲ. ಸಾಲಿ ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ಕಾಕಾ ನನಗೆ ಬೇರೆ ಡಬ್ಬಿ ಕಟ್ಟಿಸಿದರು. ಹಿತ್ತಿಲ ಗೋಡೆಗೆ ಮುಖ ಮಾಡಿ ಕೂರಿಸಿ, ಒಬ್ಬಳೇ ಉಣ್ಣುವುದನ್ನು ಕಲಿ ಅಂದರು. ಗೋಡೆಗೆ ಮುಖ ಮಾಡಿದರೆ ನಿನಗೆ ಯಾರೂ ಕಾಣುವುದಿಲ್ಲ. ಯಾರೂ ಕಾಣದಿದ್ದರೆ ಯಾರೂ ಇಲ್ಲ ಅಂತ ಅನ್ನಿಸುವುದಿಲ್ಲ. ಇದು ಅವರ ವಾದ. ನಾನು ಗೋಡೆಯ ಹೆಂಟೆ ನೋಡುತ್ತ ರೊಟ್ಟಿ ಮುರಿದೆ. ಅವ್ವ ಬಂದವಳು ನನ್ನ ಡಬ್ಬಿ ಕಸಿದುಕೊಂಡು ಒಳಗೆ ಎಲ್ಲರ ನಡುವೆ ಕೂರಿಸಿದಳು. ಕಾಕಾನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಅಪ್ಪ ನನ್ನನ್ನು ಗೋಕಾಕದ ಸಾಲಿಗೆ ಬಿಟ್ಟು ಕೆಲಸಕ್ಕೆ ಹೋದರು. ಕಾಕಾ ಮೂಡಲಗಿಗೆ ಮರಳಿದರು.

ಕಾಕಾ ಹೇಳಿದ್ದೆಲ್ಲ ಖರೆ ಆಯಿತು. ಆದರೆ ಖರೆ ಆದದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಜಿಟಿಜಿಟಿ ಮಳೆ, ಕೆಸರು ಮೈದಾನ, ನಮ್ಮೂರ ಮಂದಿಯನ್ನೆಲ್ಲ ಒಂದೇ ಕಡೆ ನಿಲ್ಲಿಸಿದರೂ ಸರಿಗಟ್ಟದಷ್ಟು ಹುಡುಗ ಹುಡುಗಿಯರು. ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಎಂಟನೇ ಇಯತ್ತೆ ಎಲ್ಲಿ ಎಂದು ಕೇಳಿದರೆ ಯಾರೋ ನಿಲ್ಲದೆಯೇ ಅತ್ತ ಎಂದು ಕೈ ಬೀಸಿದರು. ಅತ್ತ ಹೋಗಿ ಕಂಡ ಖೋಲಿಯೊಳಗೆ ಕೂತೆ. ಯಾರೂ ಬೈಯಲಿಲ್ಲ, ಯಾರೂ ಕಾಡಲಿಲ್ಲ. ಬೆಂಚಿನ ತುದಿಯಲ್ಲಿ ನಾನಿದ್ದೇನೆಂಬುದೇ ಯಾರ ಲಕ್ಷ್ಯಕ್ಕೂ ಬರಲಿಲ್ಲ. ಇಡೀ ದಿನ ನನ್ನ ಬಾಯಿಂದ ಒಂದು ಮಾತು ಹೊರಬಿದ್ದಿರಲಿಲ್ಲ ಎಂಬುದು ಸಂಜೆ ಬಸ್ಸಿನಲ್ಲಿ ಕಂಡಕ್ಟರನಿಗೆ ಊರ ಹೆಸರು ಹೇಳುವಾಗ ದನಿ ಒಡೆದು ಬಂದದ್ದರಿಂದ ತಿಳಿಯಿತು.

ಆಮೇಲೊಂದು ದಿನ ಹಾಜರಿ ಪಟ್ಟಿ ಬಂತು. ಮಾಸ್ತರರು ಎಲ್ಲರ ಹೆಸರು ಕೂಗಿದರು, ನನ್ನದು ಬರಲಿಲ್ಲ. ಹೆಸರು ಕೂಗದವರು ಯಾರಿದ್ದೀರಿ ಎಂದಾಗ ಎದ್ದು ನಿಂತವಳು ನಾನೊಬ್ಬಳೇ. ಯಾವ ಸೆಕ್ಷನ್ ಎಂದರು. ಗೊತ್ತಿಲ್ಲರಿ ಅಂದೆ. ಇಡೀ ಖೋಲಿ ನಕ್ಕಿತು. ಮಾಸ್ತರರಿಗೆ ಸಿಟ್ಟೇನೂ ಇರಲಿಲ್ಲ. ಪಟ್ಟಿ ಆಫೀಸಿನ ಗೋಡೆಗೆ ಹಚ್ಚಿದ್ದಾರೆ, ನೋಡಿಕೊಂಡು ಹೋಗು ಅಂದರು. ಹೋಗಿ ನೋಡಿದೆ. ನನ್ನದು ಸಿ. ಆದರೆ ಅಷ್ಟರಲ್ಲಿ ವರಾಂಡದ ಬಾಗಿಲುಗಳೆಲ್ಲ ಮುಚ್ಚಿದ್ದವು, ಒಳಗೆ ಪಾಠ ನಡೆದಿತ್ತು, ಯಾವುದರ ಮೇಲೂ ಸಿ ಎಂದು ಬರೆದಿರಲಿಲ್ಲ. ಮುಚ್ಚಿದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಎಷ್ಟು ಮುಖಗಳು ನನ್ನತ್ತ ತಿರುಗಬಹುದು! ಕೈ ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿದೆ. ಕೊನೆಗೆ ಕಟ್ಟಡದ ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಹೋಗಿ ಕೂತೆ. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಡಬ್ಬಿ ಬಿಚ್ಚಿದೆ. ಮರುದಿನವೂ ಅಲ್ಲೇ. ಸಂಜೆ ಮನೆಯಲ್ಲಿ ಸಾಲಿ ಹೇಗಿದೆ ಅಂದರೆ, ಛಲೋ ಐತಿ ಅನ್ನುತ್ತಿದ್ದೆ.

ಶುಕ್ರವಾರ ಸಾಲಿಯ ಕಡೆಗೆ ಹೋಗಲು ಕಾಲೇ ಏಳಲಿಲ್ಲ. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸು ನಿಂತಿತ್ತು. ಹತ್ತಿದೆ. ಹೈಸ್ಕೂಲು ಬಿಟ್ಟವರು ನಮ್ಮ ಮನೆತನದಲ್ಲಿ ಒಬ್ಬರೇ, ಅವರು ನನಗೆ ಬೈಯಲಾರರು ಎಂದು ನನ್ನ ಲೆಕ್ಕ.

ಕಾಕಾ ಒಂದು ಮೋಟಾರಿನ ಒಳಗೆ ಕೈ ಹಾಕಿ ಕೂತಿದ್ದರು. ಯೂನಿಫಾರ್ಮಿನಲ್ಲಿ ನಿಂತ ನನ್ನನ್ನು ನೋಡಿ ಕೈ ಹೊರತೆಗೆದು, ಅರಿವೆಗೆ ಒರೆಸಿಕೊಂಡರು. ಗಿರಾಕಿಯೊಬ್ಬರಿಗೆ ನಾಳೆ ಬರ್ರಿ ಎಂದು ಹೇಳಿ ಶಟರು ಅರ್ಧ ಇಳಿಸಿದರು. ಎದುರಿನ ಹೋಟೆಲಿನಿಂದ ಚಹಾ ತಂದು ನನ್ನ ಮುಂದಿಟ್ಟು, ತಮ್ಮ ಸ್ಟೂಲು ಹತ್ತಿರ ಎಳೆದುಕೊಂಡರು.

"ಏನಾತು?"

ನನಗೆ ಅಳು ಬಂತು. ಚಹಾದ ಮೇಲೆ ಕೆನೆ ಕಟ್ಟಿತು. ನಾನು ತಡೆದು ತಡೆದು ಎಲ್ಲ ಹೇಳಿದೆ.

"ಎಲ್ಲೆ ಕುಂದರತಿದ್ದಿ?" ಎಂದು ಕೇಳಿದರು.

"ಸೈಕಲ್ ಸ್ಟ್ಯಾಂಡಿನ್ಯಾಗ."

"ನಾ ಬೇವಿನ ಗಿಡದ ಬುಡಕ ಕುಂದರತಿದ್ನಿ," ಅಂದರು ಕಾಕಾ.

ಆಮೇಲೆ ಅವರು ಹೇಳಿದ್ದನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅದೇ ಸಾಲಿಯಲ್ಲಿ, ತನ್ನ ಸೆಕ್ಷನ್ ಯಾವುದೆಂದು ತಿಳಿಯದೆ, ಕೇಳಲು ನಾಚಿ, ಒಬ್ಬ ಹುಡುಗ ಆ ವಾರವಿಡೀ ಗಿಡದ ಕೆಳಗೆ ಕೂತಿದ್ದ. ಅವನು ಒಂದು ಕ್ಲಾಸಿನೊಳಗೂ ಕಾಲಿಟ್ಟಿರಲಿಲ್ಲ. ಗಂಟೆಗೆ ಮಂದಿ ಏಳುವುದು, ನಂಬರು ಕೂಗುವುದು, ಜೋಡಿ ಜೋಡಿಯಾಗಿ ಉಣ್ಣುವುದು, ಎಲ್ಲವನ್ನೂ ಅಲ್ಲಿಂದಲೇ, ಕಿಟಕಿಯ ಹೊರಗಿನಿಂದ, ನೋಡಿದ್ದ. ಕಾಕಾನ ಹೈಸ್ಕೂಲು ಅಷ್ಟೇ. ಇನ್ನು ಹೋಗುವುದಿಲ್ಲ ಎಂದಾಗ ನಮ್ಮ ಅಜ್ಜ, ಹೋಗದಿದ್ದರೆ ಬಿಡು, ಹೊಲದಲ್ಲಿ ಕೆಲಸ ಬೇಕಾದಷ್ಟಿದೆ ಅಂದರಂತೆ. ಅಣ್ಣ ನಕ್ಕನಂತೆ. ಅಣ್ಣ ಎಂದರೆ ನಮ್ಮಪ್ಪ.

"ಯಾಕ ಬಿಟ್ಟಿ ಅಂತ ಒಬ್ಬರಾದ್ರೂ ಕೇಳತಾರ ಅಂತ ದಾರಿ ನೋಡಿದ್ನಿ, ತಂಗಿ. ಕೇಳಿದ್ರ ಹೇಳತಿದ್ನಿ. ಹೇಳಿದ್ರ ಮತ್ತ ಹೋಗತಿದ್ನೋ ಏನೋ."

ಇಷ್ಟು ಹೇಳಿ ಎದ್ದು, ಆರಿದ ಚಹಾ ಚೆಲ್ಲಿ ಬಿಸಿಯದು ತಂದರು. ಅಪ್ಪನಿಗೆ ಫೋನು ಮಾಡಿ, ಹುಡುಗಿ ಇಲ್ಲಿದ್ದಾಳೆ, ಇವತ್ತು ಇಲ್ಲೇ ಇರುತ್ತಾಳೆ, ಬೈದರೆ ನಾನು ನಿಮ್ಮ ಮನೆ ಹೊಸ್ತಿಲು ತುಳಿಯುವುದಿಲ್ಲ ಅಂದರು. ಕಾಕಾ ಅಣ್ಣನ ಜೊತೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶನಿವಾರ ಬೆಳಗಿನ ಸಾಲಿ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ನನ್ನ ಯೂನಿಫಾರ್ಮು ಒಗೆದು ಒಣಗಿಸಿ ಇಟ್ಟಿದ್ದಳು. ಕಾಕಾ ಮದುವೆಗಳಿಗೆ ಹಾಕುವ ಬಿಳಿ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡರು. ಗೋಕಾಕದಲ್ಲಿ ಇಳಿದು ಸಾಲಿಯವರೆಗೆ ನಡೆದೆವು. ಗೇಟಿನ ಹತ್ತಿರ ಬಂದಾಗ ಪಕ್ಕದಲ್ಲಿ ಅವರಿರಲಿಲ್ಲ. ತಿರುಗಿ ನೋಡಿದರೆ ಹಿಂದೆ ಉಳಿದಿದ್ದರು. ಹುಡುಗರು ಅವರ ಎರಡೂ ಕಡೆಯಿಂದ ದೂಡಿಕೊಂಡು ಒಳಗೆ ಹೋಗುತ್ತಿದ್ದರು. ಅವರ ಹಣೆಯೆಲ್ಲ ಬೆವರಿತ್ತು. ನಾನು ವಾಪಸು ಹೋಗಿ ಅವರ ಕೈ ಹಿಡಿದೆ. ತಾಮ್ರದ ತಂತಿ ಎಳೆದೆಳೆದು ಒರಟಾದ ಕೈ.

"ಬರ್ರಿ ಕಾಕಾ, ಕೇಳೂಣು," ಅಂದೆ.

ಬಾಗಿಲಲ್ಲಿ ನಿಂತ ಸಿಪಾಯಿಯನ್ನು ಕಾಕಾನೇ ಕೇಳಿದರು. ಎಂಟನೇ ಇಯತ್ತೆ ಸಿ ಎಲ್ಲಿ ಬರುತ್ತದ್ರಿ, ಎಂದು. ಕೇಳುವಾಗ ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ಆತ ಏನಂದ್ರಿ ಎಂದು ಬಾಗಬೇಕಾಯಿತು. ಕಾಕಾ ಇನ್ನೊಮ್ಮೆ ಕೇಳಿದರು. ಆತ ನಮ್ಮನ್ನು ಖೋಲಿಯ ತನಕ ಕರೆದೊಯ್ದು ಬಿಟ್ಟ. ಅಷ್ಟರಲ್ಲಿ ಗಂಟೆ ಹೊಡೆದು ಬಾಗಿಲು ಮುಚ್ಚಿತ್ತು. ಕಾಕಾ ಬೆರಳು ಮಡಚಿ ಎರಡು ಸಲ ಬಡಿದರು.

ಒಳಗಿದ್ದ ಟೀಚರು ವಯಸ್ಸಾದವರು. ಕಾಕಾ ಹೇಳಿದ್ದನ್ನು ಕೇಳಿಸಿಕೊಂಡು, ನನ್ನ ಹೆಸರು ಕೇಳಿ, ನಡುವಿನ ಬೆಂಚಿನಲ್ಲಿ ಕೂರಿಸಿದರು. ಹೊರಗೆ ಮಳೆ ಜೋರಾಗಿ ಹತ್ತಿತ್ತು. ಮಳಿ ನಿಲ್ಲೂತನಕ ಹಿಂದ ಕುಂಡ್ರಿ ಎಂದು ಅವರು ಕಾಕಾನಿಗೂ ಜಾಗ ತೋರಿಸಿದರು. ಕಾಕಾ ಕೊನೆಯ ಬೆಂಚಿಗೆ ಹೋಗಿ, ಮೊಣಕಾಲು ಒಳಗೆ ಹಿಡಿಸದೆ ಓರೆಯಾಗಿ ಕೂತು, ಎರಡೂ ಅಂಗೈ ಅಂಗಿಗೆ ಒರೆಸಿ ಡೆಸ್ಕಿನ ಮೇಲಿಟ್ಟರು. ಟೀಚರು ಪಾಠ ಶುರು ಮಾಡಿದರು. ಕಾಕಾ ಕರಿ ಫಳಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಮಳೆ ನಿಂತದ್ದು ಅವರಿಗೆ ತಿಳಿಯಲೇ ಇಲ್ಲ, ಟೀಚರೂ ನೆನಪು ಮಾಡಲಿಲ್ಲ.

ಬಾಜೂ ಕೂತಿದ್ದ ಹುಡುಗಿ ನನ್ನ ಕಡೆ ಬಾಗಿ, ಆ ಹಿಂದೆ ಕೂತವರು ಯಾರು ಎಂದು ಪಿಸುಗುಟ್ಟಿದಳು. ಆ ಸಾಲಿಯಲ್ಲಿ ಒಬ್ಬ ಹುಡುಗಿ ತಾನಾಗಿ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

"ನಮ್ಮ ಕಾಕಾ," ಅಂದೆ. "ಅವರದೂ ಇವತ್ತ ಮೊದಲನೇ ದಿನ."